ದಾಸವಾಳ ಹೂ ಬಿಡದಿದ್ದರೆ ಮೊದಲು ಗೊಬ್ಬರದ ಡಬ್ಬಿ ಮುಚ್ಚಿಡಿ: ಮನೆಯಂಗಳದ ಗಿಡಕ್ಕೆ ಸಮಗ್ರ ಮಾರ್ಗದರ್ಶಿ

ದಾಸವಾಳ ಬೆಳೆಸುವವರ ದೂರುಗಳು ಸುತ್ತಿ ಬಳಸಿ ಮೂರಕ್ಕೇ ಬಂದು ನಿಲ್ಲುತ್ತವೆ. ನರ್ಸರಿಯಿಂದ ತಂದ ದಿನ ಮೈತುಂಬ ಮೊಗ್ಗಿತ್ತು, ಮನೆಗೆ ಬಂದ ಮೇಲೆ ಒಂದೂ ಅರಳಲಿಲ್ಲ. ಮೊಗ್ಗು ಬರುತ್ತದೆ, ಹಳದಿಯಾಗಿ ಉದುರುತ್ತದೆ. ಚಿಗುರಿನ ತುದಿಗೆ ಬಿಳಿ ಹಿಟ್ಟು ಮೆತ್ತಿಕೊಂಡು ಎಲೆ ಮುರುಟಿದೆ. ಈ ಮೂರಕ್ಕೂ ಹೆಚ್ಚಿನವರು ಮಾಡುವ ಮೊದಲ ಕೆಲಸ ಒಂದೇ: ಗೊಬ್ಬರ ಹಾಕುವುದು. ಬೇರು ಹಿಡಿಯದ ಗಿಡಕ್ಕೆ, ಬಿಸಿಲು ಕಾಣದ ಗಿಡಕ್ಕೆ, ರಸ ಹೀರಿಸಿಕೊಳ್ಳುತ್ತಿರುವ ಗಿಡಕ್ಕೆ ಗೊಬ್ಬರ ಸುರಿದರೆ ಆಗುವುದು ನಷ್ಟವೇ.

ಆದ್ದರಿಂದ ಇಲ್ಲಿ ಹಂತಗಳ ಕ್ರಮ ಮುಖ್ಯ. ಬಿಸಿಲು, ಮಣ್ಣು, ಬೇರು, ನೀರು ಸರಿಯಾದ ಮೇಲೆ ಗೊಬ್ಬರ. ಗೊಬ್ಬರದ ನಂತರ ಕತ್ತರಿ. ಈಗಾಗಲೇ ಗಿಡ ಇರುವವರು ಕೂಡ ಎರಡನೇ ಹಂತದಿಂದಲೇ ಶುರುಮಾಡಿ.

ಬೇಕಾಗುವ ಸಾಮಾನು

ಹರಿತವಾದ ಕೈಕತ್ತರಿ, ಕುರ್ಪಿ, ಒಂದು ಲೀಟರಿನ ಸಿಂಪಡಿಸುವ ಬಾಟಲಿ, ಹಳೆಯ ಹಲ್ಲುಜ್ಜುವ ಬ್ರಷ್, ಕತ್ತರಿ ಒರೆಸಲು ಸ್ಪಿರಿಟ್. ಕುಂಡವಾದರೆ ತಳದಲ್ಲಿ ಕನಿಷ್ಠ ನಾಲ್ಕೈದು ತೂತುಗಳಿರಬೇಕು. ಮಾರುವವರು ಒಂದೇ ತೂತು ಕೊರೆದಿರುತ್ತಾರೆ. ಉಳಿದವನ್ನು ನೀವೇ ಕೊರೆಯಿರಿ. ಕುಂಡದ ಕೆಳಗಿನ ತಟ್ಟೆ ಬೇಡ. ಮಹಡಿ ಗಲೀಜಾಗುತ್ತದೆ ಎಂದು ಇಡಲೇಬೇಕಾದರೆ ನೀರು ಹಾಕಿದ ಅರ್ಧ ಗಂಟೆಗೆ ತಟ್ಟೆಯನ್ನು ಖಾಲಿ ಮಾಡಿ.

ಹಂತ 1: ಯಾವ ಗಿಡ?

ನಾಟಿ ದಾಸವಾಳ ಬೇರೆ, ಅಂಗೈ ಅಗಲದ ಬಣ್ಣಬಣ್ಣದ ಹೈಬ್ರಿಡ್ ಬೇರೆ. ಐದೆಸಳಿನ ಕೆಂಪು, ಬಿಳಿ, ಮುದ್ದೆ ದಾಸವಾಳಗಳು ಗಟ್ಟಿ ಗಿಡಗಳು. ತಪ್ಪು ಮಾಡಿದರೂ ಸಹಿಸಿಕೊಳ್ಳುತ್ತವೆ, ಆಳೆತ್ತರ ಮೀರಿ ಬೆಳೆಯುತ್ತವೆ, ಪೂಜೆಗೆ ದಿನವೂ ಹೂ ಕೊಡುತ್ತವೆ. ಹೈಬ್ರಿಡ್‌ಗಳಲ್ಲಿ ಹಲವಕ್ಕೆ ಸ್ವಂತ ಬೇರಿನ ಶಕ್ತಿ ಕಡಿಮೆ. ಅದಕ್ಕಾಗಿಯೇ ಅವನ್ನು ನಾಟಿ ದಾಸವಾಳದ ಬುಡಕ್ಕೆ ಕಸಿ ಕಟ್ಟಿರುತ್ತಾರೆ. ಮೊದಲ ಬಾರಿ ಬೆಳೆಸುವವರು ನಾಟಿಯಿಂದಲೇ ಆರಂಭಿಸುವುದು ಒಳ್ಳೆಯದು. ಕರಾವಳಿ, ಮಲೆನಾಡಿನ ಬಿಡದ ಮಳೆಗೆ ತೆರೆದ ಅಂಗಳದಲ್ಲಿ ಹೈಬ್ರಿಡ್ ನಿಲ್ಲಿಸುವುದಂತೂ ಬಹಳ ಕಷ್ಟ.

ನರ್ಸರಿಯಲ್ಲಿ ಹೂ ನೋಡಿ ಗಿಡ ಆರಿಸಬೇಡಿ. ಎಲೆಯನ್ನು ಮಗುಚಿ ಕೆಳಭಾಗ ನೋಡಿ, ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಸಂದು ನೋಡಿ. ಬಿಳಿ ಹತ್ತಿಯಂಥದ್ದು ಒಂದು ಚುಕ್ಕೆ ಕಂಡರೂ ಆ ಗಿಡ ಬೇಡ, ಅದರ ಅಕ್ಕಪಕ್ಕದ ಗಿಡವೂ ಬೇಡ. ಬುಡದಿಂದ ಮೂರ್ನಾಲ್ಕು ಕೊಂಬೆ ಒಡೆದಿರುವ ಕುಳ್ಳ ಗಿಡ, ಒಂದೇ ಕೋಲಿನಂತೆ ಎತ್ತರಕ್ಕೆ ಹೋದ ಗಿಡಕ್ಕಿಂತ ಮೇಲು. ಕಸಿ ಗಿಡವಾದರೆ ಗಂಟು ಎಲ್ಲಿದೆ ಎಂದು ಗುರುತಿಟ್ಟುಕೊಳ್ಳಿ. ಆ ಗಂಟಿನ ಕೆಳಗೆ ಬರುವ ಪ್ರತಿ ಚಿಗುರನ್ನೂ ಮುಂದೆ ಚಿವುಟುತ್ತಿರಬೇಕು. ಇಲ್ಲವಾದರೆ ಎರಡು ವರ್ಷದಲ್ಲಿ ಹಳದಿ ಹೈಬ್ರಿಡ್ ಮಾಯವಾಗಿ ಕೆಂಪು ನಾಟಿ ಉಳಿದಿರುತ್ತದೆ. "ನರ್ಸರಿಯವರು ಮೋಸ ಮಾಡಿದರು" ಎಂಬ ದೂರುಗಳಲ್ಲಿ ಎಷ್ಟೋ ಹುಟ್ಟುವುದು ಇಲ್ಲಿಯೇ.

ಹಂತ 2: ಜಾಗ

ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. "ಬೆಳಕು ಚೆನ್ನಾಗಿದೆ" ಎನ್ನುವುದು ಬಿಸಿಲಿಗೆ ಸಮವಲ್ಲ. ಒಂದು ರಜಾದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಗಂಟೆಗೊಮ್ಮೆ ಆ ಜಾಗ ನೋಡಿ, ಗಿಡದ ನೆರಳು ನೆಲದ ಮೇಲೆ ಸ್ಪಷ್ಟವಾಗಿ ಬೀಳುವ ಗಂಟೆಗಳನ್ನಷ್ಟೇ ಲೆಕ್ಕ ಹಿಡಿಯಿರಿ. ಬಾಲ್ಕನಿಯ ಒಳಮೂಲೆಯಲ್ಲಿ ಇದು ಒಂದು ಗಂಟೆಯೂ ದಾಟುವುದಿಲ್ಲ. ಅಂಥಲ್ಲಿ ದಾಸವಾಳ ದೊಡ್ಡ ಕಡುಹಸಿರು ಎಲೆ ಬಿಟ್ಟು ನೋಡಲು ಸೊಂಪಾಗಿಯೇ ಇರುತ್ತದೆ, ಹೂ ಮಾತ್ರ ಇಲ್ಲ. ಆ ಗಿಡಕ್ಕೆ ಯಾವ ಗೊಬ್ಬರವೂ ಮದ್ದಲ್ಲ.

ಕಲಬುರಗಿ, ರಾಯಚೂರು ಕಡೆಯ ಬೇಸಿಗೆಯಲ್ಲಿ ಮಧ್ಯಾಹ್ನದ ನಂತರ ತುಸು ನೆರಳು ಸಿಕ್ಕರೆ ಒಳ್ಳೆಯದು, ಅದರಲ್ಲೂ ಕುಂಡದ ಗಿಡಗಳಿಗೆ. ಸುಡುವುದು ಎಲೆಗಿಂತ ಹೆಚ್ಚಾಗಿ ಕುಂಡದೊಳಗಿನ ಬೇರು. ಕಪ್ಪು ಪ್ಲಾಸ್ಟಿಕ್ ಕುಂಡವನ್ನು ಕಾಂಕ್ರೀಟ್ ಮೇಲೆ ನೇರವಾಗಿ ಇಡದೆ ಎರಡು ಇಟ್ಟಿಗೆಯ ಮೇಲಿಡಿ, ಬಿಸಿಲು ಬೀಳುವ ಬದಿಗೆ ಗೋಣಿ ಸುತ್ತಿ.

ತರಕಾರಿಯನ್ನೂ ಬೆಳೆಸುವವರಿಗೆ ಒಂದು ಎಚ್ಚರಿಕೆ: ಬೆಂಡೆಯ ಪಕ್ಕದಲ್ಲಿ ದಾಸವಾಳ ಇಡಬೇಡಿ. ಎರಡೂ ಒಂದೇ ಕುಟುಂಬದವು. ಸಸ್ಯಹೇನು, ಬಿಳಿನೊಣ, ಹಿಟ್ಟು ತಿಗಣೆ ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುತ್ತವೆ.

ಹಂತ 3: ಮಣ್ಣು

ಕುಂಡಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು. ಬಯಲುಸೀಮೆಯ ಮಹಡಿ ತೋಟವಾದರೆ ಮರಳಿನ ಅರ್ಧ ಭಾಗಕ್ಕೆ ತೆಂಗಿನ ನಾರಿನ ಪುಡಿ ಬಳಸಬಹುದು. ಮಳೆ ಜೋರಿರುವ ಕಡೆ ನಾರಿನ ಪುಡಿ ಬೇಡ, ಅದು ನೀರು ಬಿಡುವುದೇ ಇಲ್ಲ. ಒಂದು ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ. ಪರೀಕ್ಷೆ ಸರಳ: ತುಂಬಿದ ಕುಂಡಕ್ಕೆ ಒಂದು ಚೊಂಬು ನೀರು ಹಾಕಿದರೆ ಅರ್ಧ ನಿಮಿಷದಲ್ಲಿ ಮೇಲ್ಮೈಯಿಂದ ಇಳಿದುಹೋಗಬೇಕು. ನಿಂತರೆ ಇನ್ನಷ್ಟು ಮರಳು ಬೇಕು.

ನೆಲದಲ್ಲಿ ನೆಡುವವರು ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಮೇಲ್ಮಣ್ಣಿಗೆ ಅರ್ಧ ಬುಟ್ಟಿ ಗೊಬ್ಬರ ಬೆರೆಸಿ ತುಂಬಿ. ಗಿಡದಿಂದ ಗಿಡಕ್ಕೆ ನಾಲ್ಕರಿಂದ ಆರು ಅಡಿ ಬಿಡಿ. ವಿಜಯಪುರ, ಗದಗ ಭಾಗದ ಎರೆಮಣ್ಣಿನಲ್ಲಿ ಗುಂಡಿ ತೋಡಿ ನೆಟ್ಟರೆ ಮಳೆಗಾಲದಲ್ಲಿ ಅದೇ ಬಾವಿಯಾಗುತ್ತದೆ. ಅಲ್ಲಿ ಒಂದಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡುವುದೇ ಸರಿ.

ದಾಸವಾಳಕ್ಕೆ ಹಿಡಿಸುವುದು ತುಸು ಹುಳಿ ಮಣ್ಣು, ರಸಸಾರ (ಪಿಎಚ್) 6ರಿಂದ 6.8ರ ಆಸುಪಾಸು. ಹೊಸ ಮನೆಯ ಕಾಂಪೌಂಡ್ ಗೋಡೆಯ ಬುಡ ಈ ಕಾರಣಕ್ಕೆ ಕೆಟ್ಟ ಜಾಗ. ಕಟ್ಟುವಾಗ ಬಿದ್ದ ಸಿಮೆಂಟು, ಸುಣ್ಣ, ಗಾರೆಯ ಚೂರು ಅಲ್ಲಿನ ಮಣ್ಣನ್ನು ಕ್ಷಾರವಾಗಿಸಿರುತ್ತದೆ. ಒಂದು ಚಮಚ ಒಣಮಣ್ಣಿಗೆ ವಿನೆಗರ್ ಹನಿಸಿ ನೋಡಿ. ಬುಸುಗುಟ್ಟಿ ನೊರೆ ಬಂದರೆ ಸುಣ್ಣ ಇದೆ ಎಂದೇ ಅರ್ಥ. ಆ ಮಣ್ಣನ್ನು ತೆಗೆದುಹಾಕಿ ಬೇರೆ ತುಂಬಿ, ಇಲ್ಲವೇ ಜಾಗ ಬದಲಿಸಿ.

ಹಂತ 4: ನೆಡುವುದು

ತಂದ ದಿನವೇ ನೆಡಬೇಡಿ. ಒಂದು ವಾರ, ಹತ್ತು ದಿನ ಉಳಿದ ಗಿಡಗಳಿಂದ ದೂರ, ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಕವರಿನಲ್ಲೇ ಇಡಿ. ಅಡಗಿದ್ದ ಕೀಟ ಅಷ್ಟರಲ್ಲಿ ಹೊರಬೀಳುತ್ತದೆ. ಇರುವ ಮೊಗ್ಗುಗಳು ಈ ಅವಧಿಯಲ್ಲಿ ಉದುರಬಹುದು. ಜಾಗ ಬದಲಾದದ್ದಕ್ಕೆ ಗಿಡ ತೋರುವ ಪ್ರತಿಕ್ರಿಯೆ ಅದು, ರೋಗವಲ್ಲ.

ನೆಡುವಾಗ ಹೆಚ್ಚು ಜನ ಎಡವುವುದು ಕವರಿನೊಳಗಿನ ಮಣ್ಣಿನ ಹೆಂಟೆಯಲ್ಲಿ. ದೂರದ ಊರುಗಳಿಂದ ಲಾರಿಯಲ್ಲಿ ಬರುವ ಗಿಡಗಳನ್ನು ಅಂಟು ಜೇಡಿಮಣ್ಣಿನಲ್ಲಿ ಕಟ್ಟಿರುತ್ತಾರೆ, ಸಾಗಣೆಯಲ್ಲಿ ಒಡೆಯದಿರಲಿ ಎಂದು. ಆ ಹೆಂಟೆಯನ್ನು ಹಾಗೆಯೇ ಸಡಿಲ ಮಣ್ಣಿನಲ್ಲಿ ಇಟ್ಟರೆ ನೀರು ಸುತ್ತಲಿನ ಸಡಿಲ ಮಣ್ಣಿನಲ್ಲಿ ಜಾರಿ ತಳ ಸೇರುತ್ತದೆ. ಹೆಂಟೆಯ ಒಳಗೆ ಬೇರು ಒಣಗಿಯೇ ಇರುತ್ತದೆ. ಮಳೆಗಾಲದಲ್ಲಿ ಇದೇ ಹೆಂಟೆ ನೀರು ಕುಡಿದು ವಾರಗಟ್ಟಲೆ ಆರುವುದಿಲ್ಲ.

ಕವರನ್ನು ಬ್ಲೇಡಿನಿಂದ ಸೀಳಿ ತೆಗೆಯಿರಿ; ಗಿಡವನ್ನು ಹಿಡಿದು ಎಳೆಯಬೇಡಿ. ಹೆಂಟೆಯನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹೊರಗಿನ ಮೂರನೇ ಒಂದು ಭಾಗದಷ್ಟು ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ. ಸುತ್ತು ಹಾಕಿದ ಬೇರಿದ್ದರೆ ಬಿಡಿಸಿ, ಕಪ್ಪಾಗಿ ಕೊಳೆತದ್ದನ್ನು ಕತ್ತರಿಸಿ. ಬೇರಿಗೂ ಬಿಳಿ ಹಿಟ್ಟು ಅಂಟಿದೆಯೇ ನೋಡಿ. ಬೇರಿನ ಹಿಟ್ಟು ತಿಗಣೆ ಹೊರಗೆ ಕಾಣದೆ ಗಿಡವನ್ನು ಸೊರಗಿಸುತ್ತದೆ. ಇಷ್ಟೆಲ್ಲ ಮಾಡಲು ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ, ಆದರೆ ಸುರಿಮಳೆಯ ದಿನಗಳನ್ನು ತಪ್ಪಿಸಿ. ಏಪ್ರಿಲ್ ಬಿಸಿಲಿನಲ್ಲಿ ತಂದ ಗಿಡದ ಬೇರು ಕೆದಕಬೇಡಿ, ಕವರಿನಲ್ಲೇ ನೆರಳಿನಲ್ಲಿಟ್ಟು ಮಳೆಗೆ ಕಾಯಿರಿ.

ಮೊದಲು ಹತ್ತು ಇಂಚಿನ ಕುಂಡ ಸಾಕು, ಮುಂದಿನ ವರ್ಷ ಹದಿನಾಲ್ಕಕ್ಕೆ ಬದಲಿಸಿ. ಚಿಕ್ಕ ಬೇರಿನ ಗಿಡವನ್ನು ದೊಡ್ಡ ಡ್ರಮ್ಮಿಗೆ ಹಾಕಿದರೆ ಬೇರು ತಲುಪದ ಮಣ್ಣು ಸದಾ ಹಸಿಯಾಗಿ ಹುಳಿಯುತ್ತದೆ. ಕವರಿನಲ್ಲಿ ಕಾಂಡ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಡಿ, ಕಸಿಯ ಗಂಟು ಮಣ್ಣಿನ ಮೇಲೆಯೇ ಇರಲಿ. ನೆಟ್ಟ ಮೇಲೆ ಮೂರು ನಾಲ್ಕು ವಾರ ಗೊಬ್ಬರವಿಲ್ಲ. ಹೊಸ ಚಿಗುರು ಒಡೆದಾಗಷ್ಟೇ ಬೇರು ಹಿಡಿಯಿತು ಎಂದು ತಿಳಿಯಿರಿ.

ಹಂತ 5: ನೀರು

ಎರಡು ಇಂಚು ಆಳಕ್ಕೆ ಬೆರಳು ಇಳಿಸಿ ನೋಡಿ. ತೇವವಿದ್ದರೆ ನೀರು ಬೇಡ. ಒಣಗಿದ್ದರೆ ತಳದ ತೂತಿನಿಂದ ಹೊರಬರುವಷ್ಟು ಹಾಕಿ. ದಿನವೂ ಒಂದೊಂದು ಲೋಟ ಚಿಮುಕಿಸುವುದರಿಂದ ಮೇಲಿನ ಬೇರಷ್ಟೇ ಬದುಕುತ್ತದೆ. ಬೇಸಿಗೆಯ ಮಹಡಿಯಲ್ಲಿ ಕುಂಡಕ್ಕೆ ದಿನವೂ, ಕೆಲವೊಮ್ಮೆ ಎರಡು ಹೊತ್ತೂ ಬೇಕಾಗುತ್ತದೆ. ಚಳಿಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಸಾಕು.

ಎಲೆ ಜೋತುಬಿದ್ದ ಕೂಡಲೇ ಚೊಂಬು ಹಿಡಿದು ಓಡಬೇಡಿ. ಮಣ್ಣು ಒಣಗಿ ಎಲೆ ಜೋತಿದ್ದರೆ ನೀರು ಹಾಕಿದ ಒಂದೆರಡು ಗಂಟೆಯಲ್ಲಿ ಗಿಡ ಎದ್ದು ನಿಲ್ಲುತ್ತದೆ. ಮಣ್ಣು ಹಸಿಯಿದ್ದೂ ಎಲೆ ಜೋತಿದ್ದರೆ ಬೇರು ಕೊಳೆಯುತ್ತಿದೆ. ಆಗ ಹಾಕುವ ಪ್ರತಿ ಚೊಂಬೂ ಗಿಡವನ್ನು ಸಾವಿನ ಹತ್ತಿರ ತಳ್ಳುತ್ತದೆ. ಕುಂಡವನ್ನು ಮಳೆ ಬೀಳದ ಕಡೆ ಸರಿಸಿ, ತೂತು ಕಟ್ಟಿದೆಯೇ ನೋಡಿ, ನೀರು ನಿಲ್ಲಿಸಿ. ಎರಡು ಮೂರು ದಿನದಲ್ಲಿ ಸುಧಾರಿಸದಿದ್ದರೆ ಗಿಡ ಹೊರತೆಗೆದು ಕೊಳೆತ ಬೇರು ಕತ್ತರಿಸಿ, ಕೊಂಬೆಗಳನ್ನೂ ಅಷ್ಟೇ ಪ್ರಮಾಣದಲ್ಲಿ ಕಡಿಮೆ ಮಾಡಿ ಹೊಸ ಮಣ್ಣಿಗೆ ನೆಡಿ.

ಹಂತ 6: ಗೊಬ್ಬರ

ಹೂಗಿಡಕ್ಕೆ ರಂಜಕ ಬೇಕು ಎಂಬ ಮಾತು ನಂಬಿ ಡಿಎಪಿ, ಎಲುಬಿನ ಪುಡಿ ಹಾಕುವವರಿದ್ದಾರೆ. ದಾಸವಾಳಕ್ಕೆ ಇದು ಹೊಂದುವುದಿಲ್ಲ. ಹೆಚ್ಚಾದ ರಂಜಕ ಮಣ್ಣಿನಲ್ಲೇ ಉಳಿದು ಕಬ್ಬಿಣದಂಥ ಪೋಷಕಾಂಶಗಳನ್ನು ಬೇರಿಗೆ ಸಿಗದಂತೆ ಮಾಡುತ್ತದೆ. ಈ ಗಿಡ ಹೆಚ್ಚು ಕೇಳುವುದು ಪೊಟ್ಯಾಷ್, ಹದವಾಗಿ ಸಾರಜನಕ, ಸ್ವಲ್ಪವೇ ರಂಜಕ.

ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರವನ್ನು ಮಣ್ಣಿನ ಮೇಲ್ಪದರ ಕೆದಕಿ ಬೆರೆಸಿ. ಹದಿನೈದು ದಿನಕ್ಕೊಮ್ಮೆ ಕಡಲೆಕಾಯಿ ಹಿಂಡಿಯ ನೀರು: ಒಂದು ಲೀಟರಿಗೆ ನೂರು ಗ್ರಾಂ ಹಿಂಡಿ ನೆನೆಸಿ, ನಾಲ್ಕೈದು ದಿನ ಮುಚ್ಚಿಟ್ಟು, ಸೋಸಿ, ಹತ್ತು ಪಟ್ಟು ನೀರು ಬೆರೆಸಿ ಹಾಕಿ. ವಾಸನೆಗೆ ಪಕ್ಕದ ಮನೆಯವರು ತಕರಾರು ತೆಗೆದರೆ ಎರೆಗೊಬ್ಬರವೊಂದೇ ಸಾಕು. ಮೊಗ್ಗು ಕಟ್ಟುವ ಹಂತದಲ್ಲಿ ಸಲ್ಫೇಟ್ ಆಫ್ ಪೊಟ್ಯಾಷ್ ಅನ್ನು ಲೀಟರಿಗೆ ಒಂದರಿಂದ ಎರಡು ಗ್ರಾಂ ಕರಗಿಸಿ ತಿಂಗಳಿಗೊಮ್ಮೆ ಕೊಡಬಹುದು. ಒಣಮಣ್ಣಿಗೆ ರಾಸಾಯನಿಕ ಗೊಬ್ಬರ ಹಾಕಬೇಡಿ, ಬೇರು ಸುಡುತ್ತದೆ. ಮೊದಲು ನೀರು, ನಂತರ ಗೊಬ್ಬರ.

ಅಡುಗೆಮನೆಯ ಉಪಾಯಗಳ ಬಗ್ಗೆ ಒಂದು ಮಾತು. ಮೊಟ್ಟೆಯ ಚಿಪ್ಪು ಸುಣ್ಣ. ಗಡಸು ಕೊಳವೆಬಾವಿ ನೀರು ಹಾಕುವ ಮನೆಯಲ್ಲಿ ಸುಣ್ಣಕ್ಕೆ ಮೊದಲೇ ಬರವಿಲ್ಲ. ಒಲೆಯ ಬೂದಿಯಲ್ಲಿ ಪೊಟ್ಯಾಷ್ ಇದೆ ನಿಜ, ಜೊತೆಗೆ ಕ್ಷಾರವೂ ಇದೆ. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಒಂದು ಹಿಡಿ ಬೂದಿ ಒಳ್ಳೆಯದೇ. ಬಯಲುಸೀಮೆಯಲ್ಲಿ ಅದೇ ಬೂದಿ ಎಲೆ ಹಳದಿ ಮಾಡುತ್ತದೆ. ಹಾಲು ಸಕ್ಕರೆ ಬೆರೆತ ಚಹಾ ಚರಟ ಇರುವೆಗಳನ್ನು ಕರೆಯುತ್ತದೆ, ಇರುವೆಗಳು ಯಾರನ್ನು ಕರೆತರುತ್ತವೆ ಎಂಬುದು ಎಂಟನೇ ಹಂತದಲ್ಲಿದೆ.

ಎಲೆ ಹಳದಿಯಾದರೆ ಯಾವ ಎಲೆ ಎಂದು ಮೊದಲು ನೋಡಿ. ಕೆಳಗಿನ ಒಂದೆರಡು ಹಳೆಯ ಎಲೆ ಆಗಾಗ ಹಣ್ಣಾಗಿ ಉದುರುವುದು ಸಹಜ. ಹಳೆಯ ಎಲೆಗಳಲ್ಲಿ ನರಗಳ ನಡುವೆ ಹಳದಿ ಕಂಡರೆ ಮೆಗ್ನೀಷಿಯಂ ಕೊರತೆ. ಎಪ್ಸಮ್ ಉಪ್ಪು ಲೀಟರಿಗೆ ಐದು ಗ್ರಾಂ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಹೊಸ ಚಿಗುರಿನ ಎಲೆ ಬಿಳಿಚಿ, ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಇದಕ್ಕೆ ಕಾರಣ ಮಣ್ಣಿನಲ್ಲಿ ಕಬ್ಬಿಣ ಇಲ್ಲದಿರುವುದಕ್ಕಿಂತ ಹೆಚ್ಚಾಗಿ ಗಡಸು ನೀರು, ಕ್ಷಾರ ಮಣ್ಣು. ಮಳೆನೀರು ಹಿಡಿದಿಟ್ಟು ಹಾಕಿ, ಕಬ್ಬಿಣದ ಕೀಲೇಟ್ (ಬೇರಿಗೆ ಸಿಗುವಂತೆ ಕಬ್ಬಿಣವನ್ನು ಹಿಡಿದಿಡುವ ರೂಪ) ಕೊಡಿ. ಕ್ಷಾರ ಮಣ್ಣಿಗೆ ಇಡಿಟಿಎ ರೂಪದ ಕೀಲೇಟ್ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಇಡಿಡಿಎಚ್‌ಎ ಎಂದು ಬರೆದಿರುವುದನ್ನು ಕೇಳಿ ತನ್ನಿ.

ಹಂತ 7: ಕೊಂಬೆ ಸವರುವುದು

ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಕತ್ತರಿ ಕಾಣದ ಗಿಡದಲ್ಲಿ ಹೂಗಳು ವರ್ಷದಿಂದ ವರ್ಷಕ್ಕೆ ಮೇಲೆ ಮೇಲೆ ಹೋಗಿ, ಕೊನೆಗೆ ಕೊಕ್ಕೆ ಕೋಲಿಗೆ ಮಾತ್ರ ಎಟುಕುತ್ತವೆ.

ಬೆಂಗಳೂರು, ಮೈಸೂರು, ತುಮಕೂರು ಕಡೆ ಜನವರಿ ಕೊನೆಯಿಂದ ಫೆಬ್ರವರಿ ಸರಿಯಾದ ಕಾಲ. ಉತ್ತರದ ಬಿಸಿಲು ಜಿಲ್ಲೆಗಳಲ್ಲಿ ಆಗ ಸವರಿದರೆ ಎಳೆ ಚಿಗುರು ಮಾರ್ಚ್-ಏಪ್ರಿಲ್ ಬಿಸಿಲಿಗೆ ಸಿಕ್ಕಿ ಕರಕಲಾಗುತ್ತದೆ, ಅಲ್ಲಿ ಮೊದಲ ಮಳೆ ಬಿದ್ದ ಮೇಲೆ ಮಾಡಿ. ಕರಾವಳಿ, ಮಲೆನಾಡಿನಲ್ಲಿ ಮಳೆ ಇಳಿದ ಅಕ್ಟೋಬರ್. ಜಡಿಮಳೆಯಲ್ಲಿ ಕತ್ತರಿಸಿದ ಗಾಯದಿಂದ ಶಿಲೀಂಧ್ರ ಇಳಿದು ಕೊಂಬೆ ತುದಿಯಿಂದ ಒಣಗುತ್ತಾ ಬರುತ್ತದೆ.

ಒಣಗಿದ, ಒಳಮುಖ ಬೆಳೆದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಮೊದಲು ತೆಗೆಯಿರಿ. ಉಳಿದವನ್ನು ಮೂರನೇ ಒಂದರಷ್ಟು ಮೊಟಕುಗೊಳಿಸಿ, ಹೊರಮುಖವಾಗಿರುವ ಕಣ್ಣಿನ ಕಾಲಿಂಚು ಮೇಲೆ ಓರೆಯಾಗಿ. ಒಂದೇ ದಿನ ಇಡೀ ಗಿಡ ಬೋಳಿಸಬೇಡಿ. ಅರ್ಧ ಕೊಂಬೆ ಈಗ, ಇನ್ನರ್ಧ ಒಂದೂವರೆ ತಿಂಗಳ ನಂತರ ಸವರಿದರೆ ಪೂಜೆಗೆ ಹೂ ತಪ್ಪುವುದಿಲ್ಲ. ಸವರಿದ ಕೊಂಬೆಯಲ್ಲಿ ಮತ್ತೆ ಹೂ ನೋಡಲು ಎರಡು ಮೂರು ತಿಂಗಳು ಬೇಕು. ಈ ನಡುವೆ "ಹೂ ನಿಂತಿತು" ಎಂದು ಗಾಬರಿಯಾಗಿ ಮತ್ತೆ ಮತ್ತೆ ತುದಿ ಚಿವುಟುವವರು, ಬರಬೇಕಿದ್ದ ಮೊಗ್ಗನ್ನೇ ಚಿವುಟುತ್ತಿರುತ್ತಾರೆ.

ಹಂತ 8: ಹಿಟ್ಟು ತಿಗಣೆ

ದಾಸವಾಳವನ್ನು ಕೊಲ್ಲುವುದರಲ್ಲಿ ಇದಕ್ಕೆ ಸಾಟಿ ಇಲ್ಲ. ಹತ್ತಿಯಂಥ ಬಿಳಿ ಮುದ್ದೆ, ಮುರುಟಿದ ಚಿಗುರು, ಎಲೆಯ ಮೇಲೆ ಅಂಟು, ಅದರ ಮೇಲೆ ಕಪ್ಪು ಮಸಿ. ಇವೆಲ್ಲಕ್ಕೂ ಮೊದಲು ಕಾಣುವ ಸೂಚನೆ ಕಾಂಡದ ಮೇಲೆ ಸಾಲುಗಟ್ಟಿದ ಇರುವೆ. ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಶತ್ರುಗಳಿಂದ ಕಾಯುತ್ತವೆ, ಮರಿಗಳನ್ನು ಹೊಸ ಕೊಂಬೆಗೆ ಸಾಗಿಸುತ್ತವೆ. ಇರುವೆಯನ್ನು ಬಿಟ್ಟು ತಿಗಣೆಯನ್ನಷ್ಟೇ ಹೊಡೆದರೆ ಅದು ಮತ್ತೆ ಬರುತ್ತದೆ.

ಕ್ರಮ ಹೀಗಿರಲಿ. ಮುರುಟಿದ ತುದಿಗಳನ್ನು ಕತ್ತರಿಸಿ ನೇರ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ. ಕಾಂಪೋಸ್ಟ್ ಗುಂಡಿಗೆ ಎಸೆಯಬೇಡಿ. ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ. ಉಳಿದ ಮುದ್ದೆಗಳನ್ನು ಬ್ರಷ್‌ನಿಂದ ಉಜ್ಜಿ, ಪೈಪಿನ ರಭಸದ ನೀರಿನಿಂದ ತೊಳೆಯಿರಿ. ಮರುದಿನ ಸಂಜೆ ಒಂದು ಲೀಟರ್ ನೀರಿಗೆ ಐದು ಮಿಲಿ ಬೇವಿನ ಎಣ್ಣೆ, ಎರಡು ಮಿಲಿ ದ್ರವ ಸೋಪು ಬೆರೆಸಿ ಎಲೆಯ ಕೆಳಭಾಗ, ಸಂದುಗಳು ತೋಯುವಂತೆ ಸಿಂಪಡಿಸಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪು ಸಿಕ್ಕರೆ ಇನ್ನೂ ಅನುಕೂಲ. ಪೊಟ್ಟಣದ ಮೇಲಿನ ಪ್ರಮಾಣ ಮೀರಬೇಡಿ. ವಾರಕ್ಕೊಮ್ಮೆಯಂತೆ ಮೂರು ಸಲ ಕಡ್ಡಾಯ. ಮೊಟ್ಟೆಗಳು ಮೇಣದ ಚೀಲದೊಳಗೆ ಉಳಿದಿರುವುದರಿಂದ ಒಂದೇ ಸಿಂಪಡಣೆಗೆ ಕೆಲಸ ಮುಗಿಯುವುದಿಲ್ಲ. ಬಿಸಿಲಿನಲ್ಲಿ ಎಣ್ಣೆ ಸಿಂಪಡಿಸಿದರೆ ಎಲೆ ಸುಡುತ್ತದೆ.

ಸಿಂಪಡಿಸುವ ಮೊದಲು ಇನ್ನೊಮ್ಮೆ ಕಣ್ಣಿಟ್ಟು ನೋಡಿ. ತಿಗಣೆಗಳ ನಡುವೆ ಅವುಗಳಂತೆಯೇ ಬಿಳಿ ಮೇಣ ಹೊದ್ದ, ಆದರೆ ಎರಡು ಮೂರು ಪಟ್ಟು ದೊಡ್ಡದಾದ, ಚುರುಕಾಗಿ ಓಡಾಡುವ ಹುಳು ಕಂಡರೆ ಅದು ತಿಗಣೆಯನ್ನು ತಿನ್ನುವ ಗುಲಗಂಜಿ ಹುಳುವಿನ ಮರಿ. ನೋಡಲು ತಿಗಣೆಯ ಅಜ್ಜನಂತಿರುವುದರಿಂದ ಎಲ್ಲರೂ ಮೊದಲು ಅದನ್ನೇ ಕೊಲ್ಲುತ್ತಾರೆ. ಅದಿದ್ದರೆ ಸಿಂಪಡಣೆ ಬಿಟ್ಟು ಇರುವೆ ತಡೆಯಿರಿ ಸಾಕು.

ಅಂಗಡಿಯವರು ಕೊಡುವ ಅಂತರ್ವ್ಯಾಪಿ ಕೀಟನಾಶಕ ಬೇಡ. ಅದು ಎಲೆ, ಹೂ, ಮಕರಂದ ಎಲ್ಲದಕ್ಕೂ ಏರುತ್ತದೆ. ದಾಸವಾಳದ ಸೊಪ್ಪನ್ನು ತಲೆಗೆ ಅರೆದು ಹಚ್ಚುವ, ಹೂವಿನ ತಂಬುಳಿ ಮಾಡುವ ಮನೆಗಳಿವೆ. ಸೂರಕ್ಕಿ, ಜೇನು ದಿನವೂ ಬರುತ್ತವೆ.

ಎಲೆ ಮೇಲ್ಮುಖವಾಗಿ ಮುರುಟಿ, ಅಡಿಯಲ್ಲಿ ನರಗಳು ದಪ್ಪಗೆ ಉಬ್ಬಿದ್ದು, ತಿಗಣೆಯೂ ಇಲ್ಲದಿದ್ದರೆ ಬಿಳಿನೊಣ ಹರಡುವ ವೈರಾಣು ಇರಬಹುದು. ಅದಕ್ಕೆ ಔಷಧವಿಲ್ಲ, ಗಿಡ ತೆಗೆದುಹಾಕಿ.

ಹಂತ 9: ಮೊಗ್ಗು ಉದುರುತ್ತಿದ್ದರೆ

ಬಿದ್ದ ಮೊಗ್ಗುಗಳನ್ನು ಆರಿಸಿ ಉಗುರಿನಿಂದ ಸೀಳಿ. ಒಳಗೆ ಬಿಳಿಯ ಸಣ್ಣ ಹುಳುಗಳಿದ್ದರೆ, ಅವು ಮಣ್ಣಿಗಿಳಿದು ಕೋಶ ಕಟ್ಟುವ ಮೊದಲೇ ಬಿದ್ದ ಮೊಗ್ಗುಗಳನ್ನು ದಿನವೂ ಆರಿಸಿ ಕವರಿಗೆ ಹಾಕಿ ನಾಶಮಾಡಿ. ಎರಡು ಮೂರು ವಾರ ಬಿಡದೆ ಮಾಡಬೇಕು. ಹುಳು ಇಲ್ಲವಾದರೆ ಗಿಡದಲ್ಲಿರುವ ಮೊಗ್ಗನ್ನು ಬಿಳಿ ಕಾಗದದ ಮೇಲೆ ತಟ್ಟಿ. ಕೂದಲೆಳೆಯಷ್ಟು ಸಣ್ಣ ಜೀವಿಗಳು ಹರಿದಾಡಿದರೆ ಥ್ರಿಪ್ಸ್ ನುಸಿ. ಬೇವಿನ ಎಣ್ಣೆಯೇ ಮದ್ದು. ಎರಡೂ ಇಲ್ಲವಾದರೆ ಕಾರಣ ನೀರಿನ ಏರುಪೇರು: ಎರಡು ದಿನ ಬಿರುಕು ಬಿಡುವಷ್ಟು ಒಣಗಿಸಿ ಮೂರನೇ ದಿನ ಮುಳುಗಿಸುವುದು. ಊರಿಗೆ ಹೋಗಿ ಬಂದ ಮೇಲೆ ಮೊಗ್ಗು ಉದುರುವುದು ಇದಕ್ಕೇ. ಮೊಗ್ಗಿರುವ ಕುಂಡವನ್ನು ಅಲ್ಲಿಂದಿಲ್ಲಿಗೆ ತಿರುಗಿಸುವುದೂ ಬೇಡ. ಮುದ್ದೆ ಜಾತಿಯ ಕೆಲವು ಹೈಬ್ರಿಡ್‌ಗಳು ಕಡು ಬೇಸಿಗೆಯಲ್ಲಿ ಏನು ಮಾಡಿದರೂ ಮೊಗ್ಗು ಉದುರಿಸುತ್ತವೆ, ಮಳೆ ಬಂದರೆ ತಾನಾಗಿ ನಿಲ್ಲುತ್ತದೆ.

ಹಂತ 10: ಕಡ್ಡಿಯಿಂದ ಹೊಸ ಗಿಡ

ನಾಟಿ ಜಾತಿಗೆ ಮಾತ್ರ ಇದು ಸುಲಭ. ಜೂನ್‌ನಿಂದ ಆಗಸ್ಟ್ ಒಳಗೆ, ಹಸಿರು ಬಿಟ್ಟು ಕಂದು ಬಣ್ಣಕ್ಕೆ ತಿರುಗುತ್ತಿರುವ, ಪೆನ್ಸಿಲ್ ದಪ್ಪದ ಕೊಂಬೆ ಆರಿಸಿ. ಆರು ಇಂಚು ಉದ್ದ, ಮೂರು ನಾಲ್ಕು ಗೆಣ್ಣು ಇರಲಿ. ಕೆಳತುದಿಯನ್ನು ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಮೇಲಿನ ಎರಡು ಎಲೆ ಅರ್ಧರ್ಧ ಬಿಟ್ಟು ಉಳಿದದ್ದನ್ನು ತೆಗೆಯಿರಿ. ಮರಳು, ನಾರಿನ ಪುಡಿ ಸಮಪಾಲು ಬೆರೆಸಿ ತಳದಲ್ಲಿ ತೂತಿರುವ ಕವರಿಗೆ ತುಂಬಿ, ಎರಡು ಗೆಣ್ಣು ಮುಳುಗುವಂತೆ ನೆಟ್ಟು, ಮಳೆ ನೇರ ಬೀಳದ ಬೆಳಕಿನ ನೆರಳಿನಲ್ಲಿಡಿ. ಗೊಬ್ಬರ ಬೆರೆಸಬೇಡಿ, ತುದಿ ಕೊಳೆಯುತ್ತದೆ.

ಎರಡನೇ ವಾರದಲ್ಲೇ ಚಿಗುರು ಕಾಣಬಹುದು. ಅದು ಕಡ್ಡಿಯಲ್ಲಿ ಉಳಿದಿದ್ದ ಆಹಾರದಿಂದ ಬಂದ ಚಿಗುರು, ಬೇರಿನದಲ್ಲ. ಆಗಲೇ ಕಿತ್ತು ಬೇರೆಡೆ ನೆಟ್ಟವರ ಕಡ್ಡಿ ಒಣಗುತ್ತದೆ. ಬೇರು ಬಂತೇ ಎಂದು ಎಳೆದು ನೋಡಿದವರದ್ದೂ ಅಷ್ಟೇ. ಬೇರಿಗೆ ನಾಲ್ಕರಿಂದ ಆರು ವಾರ ಬೇಕು. ಚಿಗುರಿನಲ್ಲಿ ನಾಲ್ಕಾರು ಪೂರ್ಣ ಎಲೆ ಬಿಡಿಸಿಕೊಂಡು, ಕವರಿನ ತಳದ ತೂತಿನಲ್ಲಿ ಬೇರು ಇಣುಕಿದ ಮೇಲೆ ಆರಿಂಚಿನ ಕುಂಡಕ್ಕೆ ಬದಲಿಸಿ, ಒಂದು ವಾರ ನೆರಳು, ಒಂದು ವಾರ ಬೆಳಗಿನ ಬಿಸಿಲು, ಆಮೇಲೆ ಪೂರ್ಣ ಬಿಸಿಲು ತೋರಿಸಿ. ಗಿಡ ಒಂದಡಿ ಎತ್ತರ ದಾಟುವವರೆಗೆ ಬರುವ ಮೊಗ್ಗುಗಳನ್ನು ಚಿವುಟಿಹಾಕಿ, ಒಂದಡಿಗೆ ಬಂದಾಗ ತುದಿಯನ್ನೂ ಒಮ್ಮೆ ಚಿವುಟಿ. ಬುಡದಿಂದಲೇ ಕೊಂಬೆ ಒಡೆಯುತ್ತದೆ.